ತಾತ್ಕಾಲಿಕದವರ ಒಲೆ

ನಮ್ಮ ಕೇರಿಯ ಹೆಸರು ತಾತ್ಕಾಲಿಕ. ನಗಬೇಡಿ. ಅದು ನಾವು ಇಟ್ಟುಕೊಂಡ ಹೆಸರಲ್ಲ.

ಮೂವತ್ತೊಂದು ವರ್ಷದ ಹಿಂದೆ ರಸ್ತೆ ಅಗಲ ಮಾಡಬೇಕೆಂದು ನಮ್ಮ ಹಿರಿಯರನ್ನು ಹಳೆಯ ಜಾಗದಿಂದ ಎಬ್ಬಿಸಿದರು. ಊರಿನ ಕಸ ಸುರಿಯುವ ಬಯಲಿನ ಪಕ್ಕ ತಗಡಿನ ಶೆಡ್ಡುಗಳನ್ನು ಸಾಲುಸಾಲಾಗಿ ನಿಲ್ಲಿಸಿದರು. ‘ತಾತ್ಕಾಲಿಕ ವಸತಿ’ ಎಂದು ಒಂದು ಬೋರ್ಡು ನೆಟ್ಟರು. ಮೂರೇ ತಿಂಗಳು, ಆಮೇಲೆ ಗಟ್ಟಿ ಮನೆ ಎಂದು ಹೇಳಿ ಹೋದರು. ಹೋದವರು ತಿರುಗಿ ನೋಡಲಿಲ್ಲ. ಬಿಸಿಲಿಗೂ ಮಳೆಗೂ ‘ವಸತಿ’ ಅನ್ನುವುದು ಅಳಿಸಿಹೋಯಿತು. ‘ತಾತ್ಕಾಲಿಕ’ ಉಳಿಯಿತು. ಊರಿನವರು ನಮ್ಮನ್ನು ತಾತ್ಕಾಲಿಕದವರು ಎಂದು ಕರೆದರು. ನಾವೂ ಹಾಗೇ ಕರೆದುಕೊಂಡೆವು. ನಮ್ಮ ಕೇರಿಯಲ್ಲಿ ಹುಟ್ಟಿದ ಮಕ್ಕಳಿಗೆ ಆ ಮಾತಿಗೆ ಬೇರೆ ಅರ್ಥ ಇದೆ ಅನ್ನುವುದೇ ತಿಳಿಯದು.

ನನಗೂ ತಿಳಿದಿರಲಿಲ್ಲ. ಈ ಕಥೆಯ ಮೂಲ ತಪ್ಪು ಅದೇ. ಆ ತಪ್ಪು ನನ್ನದು.

ನಮ್ಮ ಗಂಡಸರು ಊರಿನ ಕಸ ಎತ್ತುತ್ತಾರೆ, ಮೋರಿ ಬಳಿಯುತ್ತಾರೆ, ಗುಂಡಿಗೆ ಇಳಿಯುತ್ತಾರೆ. ನಾನು ಗಂಡ ಸತ್ತ ಮೇಲೆ ಅಣ್ಣನ ಮನೆ ಸೇರಿದವಳು. ಮೊದಲು ಶಾಲೆಯಲ್ಲಿ ನೆಲ ಒರೆಸುತ್ತಿದ್ದೆ. ಒರೆಸುತ್ತ ಒರೆಸುತ್ತ ಕರಿಹಲಗೆ ನೋಡಿ ಅಕ್ಷರ ಕಲಿತೆ. ನಾಲ್ಕು ಸಾಲಿಗೂ ಕಾಗದ ಓದಿ ಹೇಳುವವಳು ನಾನೇ. ಆಮೇಲೆ ಅತ್ತಿಗೆಯ ಜೊತೆ ಪಾತ್ರೆ ತೊಳೆಯಲು ನಿಂತೆ.

ಅತ್ತಿಗೆ ಅಡುಗೆಯವಳು. ಅವಳ ಅಡುಗೆಯನ್ನು ಈ ಊರಿನಲ್ಲಿ ಉಣ್ಣದವರಿಲ್ಲ. ಅವಳನ್ನು ನೋಡಿದವರಿಲ್ಲ.

ಅದು ಹೇಗೆಂದರೆ, ಊರಿನಲ್ಲಿ ಸಭೆಯಾಗಲಿ, ಆಟದ ಪಂದ್ಯವಾಗಲಿ, ಮೈದಾನದಲ್ಲಿ ಪ್ರದರ್ಶನವಾಗಲಿ, ಊಟದ ಮಳಿಗೆ ಒಬ್ಬನದೇ. ಬಡಿಸುವವರಿಗೆಲ್ಲ ಅವನು ಬಿಳಿ ಟೋಪಿ ಹಾಕಿಸುತ್ತಾನೆ, ತಾನೂ ಹಾಕುತ್ತಾನೆ. ಹಾಗಾಗಿ ಅವನಿಗೆ ಟೋಪಿ ಯಜಮಾನ ಎಂದು ಹೆಸರು. ನಮ್ಮ ಕೇರಿಯ ಹೆಂಗಸರು ಆ ಹೆಸರು ಹೇಳಿ ನಗುತ್ತಾರೆ. ಅವರಿಗೆ ಹಾಕಿದ ಟೋಪಿ ಕಣ್ಣಿಗೆ ಕಾಣುತ್ತದೆ, ನಮಗೆ ಹಾಕಿದ್ದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

ಯಜಮಾನನ ಪರವಾನಗಿಯಲ್ಲಿ ಅಡುಗೆಮನೆಯ ವಿಳಾಸ ಪೇಟೆ ಬೀದಿ ಎಂದಿದೆ. ಅಲ್ಲಿ ಒಂದು ಕೋಣೆ ಇದೆ, ನಿಜ. ಗೋಡೆಗೆ ಬಿಳಿ ಹೊಳಪುಕಲ್ಲು, ನಲ್ಲಿ, ಕನ್ನಡಿ. ಎರಡು ಒಲೆಯ ಗ್ಯಾಸಿನ ಸ್ಟೌ ಒಂದು. ಅದರ ಮೇಲೆ ಚಹಾ ಕಾಯುತ್ತದೆ. ಸಾವಿರ ಜನಕ್ಕೆ ಅನ್ನ ಬೇಯುವುದು ಇಲ್ಲಿ. ತಾತ್ಕಾಲಿಕದ ನಾಲ್ಕನೇ ಸಾಲಿನ ಕೊನೆಯ ಶೆಡ್ಡಿನಲ್ಲಿ. ಆ ಶೆಡ್ಡು ಅತ್ತಿಗೆಯ ಅತ್ತೆಯದು, ಅಂದರೆ ನನ್ನ ಅಮ್ಮನದು. ಅಮ್ಮ ತೀರಿಕೊಂಡ ಮೇಲೆ ಯಜಮಾನ ಅಲ್ಲಿ ಮೂರು ಇಟ್ಟಿಗೆ ಒಲೆ ಹಾಕಿಸಿದ. ತನ್ನ ಮಳಿಗೆಯ ಸೌಟಿನ ಗುರುತು ಒತ್ತಿದ ಕೊಪ್ಪರಿಗೆಗಳನ್ನು ತಂದಿಳಿಸಿದ. ಹನ್ನೊಂದು ವರ್ಷವಾಯಿತು.

ಹನ್ನೊಂದು ಹೆಂಗಸರು ಒಟ್ಟು. ಮೂಟೆ ಈರುಳ್ಳಿ ಹೆಚ್ಚುವುದು, ನೀರು ಹೊರುವುದು, ಬೇಳೆ ತೊಳೆಯುವುದು. ಅತ್ತಿಗೆ ಕಲ್ಲಿನ ಮೇಲೆ ನಿಂತು, ದೋಣಿಯ ಹುಟ್ಟಿನಂಥ ಮರದ ಸೌಟನ್ನು ಎರಡೂ ಕೈಯಿಂದ ತಿರುವುತ್ತಾಳೆ. ತಿರುವಿದರೆ ಇಡೀ ಮೈ ತಿರುಗಬೇಕು. ಅವಳ ಮುಂಗೈ ಮೇಲೆ ಸುಟ್ಟ ಗೆರೆಗಳು ಬಳೆಗಳ ಹಾಗೆ ಸಾಲಾಗಿವೆ. ಬೆವರು ಕೊಪ್ಪರಿಗೆಗೆ ಬೀಳಬಾರದೆಂದು ಹಣೆಗೆ ಬಟ್ಟೆ ಕಟ್ಟುತ್ತಾಳೆ. ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಅನ್ನ ದೇವರದು, ಅದಕ್ಕೆ ನಮ್ಮ ಉಪ್ಪು ಬೇಡ ಅನ್ನುತ್ತಾಳೆ.

ವ್ಯಾನು ಬರುತ್ತದೆ. ಮುಚ್ಚಳಕ್ಕೆ ಬಟ್ಟೆ ಬಿಗಿಯುತ್ತೇವೆ. ಹಿಂದಿನ ಬಾಗಿಲಿಂದ ಕೊಪ್ಪರಿಗೆಗಳ ಪಕ್ಕದಲ್ಲೇ ನಾವೂ ಹತ್ತುತ್ತೇವೆ. ಮೈದಾನದಲ್ಲಿ ಒಂದು ಪರದೆ ಇರುತ್ತದೆ. ಪರದೆಯ ಹಿಂದೆ ನಾವು, ಮುಂದೆ ಟೋಪಿಗಳು. ಪರದೆಯ ಹಿಂದೆ ನಾನು ಎಂಜಲು ತಟ್ಟೆ ತೊಳೆಯುತ್ತೇನೆ. ನನ್ನ ಮಟ್ಟಿಗೆ ಊರೆಂದರೆ ತಟ್ಟೆಯಲ್ಲಿ ಉಳಿದದ್ದು.

ಒಂದು ಸಲ ಬಿಸಿಲಿಗೆ ಬಡಿಸುವವನೊಬ್ಬ ಕುಸಿದು ಬಿದ್ದ. ಮುಂದೆ ಜನ ತಟ್ಟೆ ಹಿಡಿದು ಕೂಗುತ್ತಿದ್ದರು. ಅತ್ತಿಗೆ ಸೌಟು ಹಿಡಿದು ಪರದೆ ಸರಿಸಿ ಹೋದಳು. ಎರಡು ತಟ್ಟೆಗೆ ಬಡಿಸಿದಳು. ಮೂರನೆಯದಕ್ಕೆ ಯಜಮಾನ ಬಂದು ಅವಳ ಕೈಯಿಂದ ಸೌಟು ಕಿತ್ತುಕೊಂಡ. ಪರದೆಯ ಹಿಂದೆ ತಂದು ನನ್ನ ಮುಂದೆ ಎಸೆದ.

“ತೊಳಿ. ಬಿಸಿನೀರಲ್ಲಿ ತೊಳಿ. ಜನ ನೋಡಿದ್ದಾರೆ.”

ನಾನು ತೊಳೆದೆ. ಆ ಕೊಪ್ಪರಿಗೆಯನ್ನು ಬೆಳಗಿನಿಂದ ತಿರುವಿದ್ದು ಅತ್ತಿಗೆಯ ಕೈ. ಆ ಕೈ ಮುಟ್ಟಿದ ಸೌಟನ್ನು ಶುದ್ಧ ಮಾಡಿದ್ದು ನನ್ನ ಕೈ. ಎರಡೂ ತಾತ್ಕಾಲಿಕದ ಕೈ. ದೇವರೇ, ಇದರ ಲೆಕ್ಕ ನಿನಗಾದರೂ ಬಿಡಿಸಲು ಬರುತ್ತದೆಯೇ ಎಂದು ಮನಸ್ಸಿನಲ್ಲೇ ಕೇಳಿದೆ. ಆ ದಿನದಿಂದ ಅತ್ತಿಗೆಗೆ ಒಂದೇ ಹಟ. ಒಮ್ಮೆ, ಒಂದೇ ಒಂದು ಸಲ, ಪರದೆಯ ಮುಂದೆ ನಿಂತು ತನ್ನ ಅಡುಗೆಯನ್ನು ತಾನೇ ಬಡಿಸಬೇಕು.

ಹೀಗಿರುವಾಗ ಕಚೇರಿಯ ಗೋಡೆಯ ಮೇಲೆ ಆ ಪ್ರಕಟಣೆ ಕಂಡೆ. ‘ತಾತ್ಕಾಲಿಕ ಆಹಾರ ಸೇವಾ ಪರವಾನಗಿ. ಮೈದಾನದ ಮೂರು ದಿನದ ಪ್ರದರ್ಶನಕ್ಕೆ ಅರ್ಹರಿಂದ ಅರ್ಜಿ ಆಹ್ವಾನಿಸಲಾಗಿದೆ.’

ನಾನು ಎರಡು ಸಲ ಓದಿದೆ. ಓಡುತ್ತ ಬಂದೆ.

“ಅತ್ತಿಗೆ, ನಮ್ಮವರಿಗೆ ಪರವಾನಗಿ ಕೊಡ್ತಾರಂತೆ. ತಾತ್ಕಾಲಿಕದವರಿಗೇ ಅಂತ ಬರೆದಿದ್ದಾರೆ. ದೊಡ್ಡಕ್ಷರದಲ್ಲಿ.”

ಅತ್ತಿಗೆ ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟಳು. ಬಾಗಿಲಲ್ಲಿ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ ಅಣ್ಣ ತಲೆಯೆತ್ತಿದ. ಅಣ್ಣ ಕಸದ ಲಾರಿಯವನು. ಕೇರಿಯಲ್ಲಿ ಅವನಿಗೆ ಅನುಮಾನಪ್ಪ ಎಂದೇ ಹೆಸರು. ಕುಡಿಯುವ ನೀರಿನ ಲೋಟವನ್ನೂ ಎರಡು ಸಲ ತಿರುಗಿಸಿ ನೋಡುವವನು.

“ಯಾಕೆ ಕೊಡ್ತಾರೆ?” ಅಂದ.

“ಯಾಕಂದ್ರೆ? ಕೊಡ್ತಾರೆ.”

“ಮೂವತ್ತೊಂದು ವರ್ಷ ನಲ್ಲಿ ಕೊಡದವರು ಪರವಾನಗಿ ಕೊಡ್ತಾರಾ? ಇದರಲ್ಲಿ ಏನೋ ಇದೆ. ಹೆಬ್ಬೆಟ್ಟು ಒತ್ತಿಸ್ಕೊಂಡು ಶೆಡ್ಡು ಬರೆಸ್ಕೊಳ್ತಾರೆ, ನೋಡ್ತಿರು.”

“ನಿಮಗೆ ಸೂರ್ಯ ಹುಟ್ಟಿದ್ರೂ ಅನುಮಾನ,” ಅಂದಳು ಅತ್ತಿಗೆ. ಆದರೆ ಅವಳ ದನಿಯಲ್ಲೂ ಅನುಮಾನವಿತ್ತು. ನಮ್ಮ ಕೇರಿಯಲ್ಲಿ ಒಳ್ಳೆಯ ಸುದ್ದಿ ಬಂದರೆ ಮೊದಲು ಬಾಗಿಲ ಹೊರಗೇ ನಿಲ್ಲಿಸುತ್ತೇವೆ.

ಮರುದಿನ ನಾವಿಬ್ಬರೂ ಒಗೆದ ಸೀರೆ ಉಟ್ಟು ಕಚೇರಿಗೆ ಹೋದೆವು. ಕಿಟಕಿಯ ಹಿಂದೆ ಗುಮಾಸ್ತ ಕೂತಿದ್ದ.

“ತಾತ್ಕಾಲಿಕದ ಪರವಾನಗಿ ಬೇಕಿತ್ತು ಸಾರ್,” ಅಂದೆ.

“ಎಲ್ಲಿಂದ ಬಂದಿದ್ದೀರಿ?”

“ತಾತ್ಕಾಲಿಕದಿಂದಲೇ ಸಾರ್. ನಮಗೇ ಅಂತ ಗೋಡೆ ಮೇಲೆ ಹಾಕಿದ್ದೀರಲ್ಲ.”

ಅವನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೇಜು ಬಡಿದು ನಕ್ಕ. ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ.

“ಕೇಳ್ರಪ್ಪಾ! ತಾತ್ಕಾಲಿಕ ಪರವಾನಗಿ ಅಂದ್ರೆ ತಾತ್ಕಾಲಿಕದವರಿಗೆ ಅಂದ್ಕೊಂಡು ಬಂದಿದ್ದಾರೆ!”

ಕಚೇರಿಯೆಲ್ಲ ನಕ್ಕಿತು. ಚಹಾ ತಂದವನೂ ನಕ್ಕ. ಗುಮಾಸ್ತ ಕಣ್ಣೊರೆಸಿಕೊಂಡು ಮಕ್ಕಳಿಗೆ ಹೇಳುವಂತೆ ಹೇಳಿದ. “ಅಮ್ಮಾ, ತಾತ್ಕಾಲಿಕ ಅಂದ್ರೆ ಸ್ವಲ್ಪ ದಿನದ ಮಟ್ಟಿಗೆ ಅಂತ. ಬಂದು ಹೋಗೋದು. ಕಾರ್ಯಕ್ರಮ ಮೂರು ದಿನ, ಪರವಾನಗಿನೂ ಮೂರು ದಿನ. ನಿಮ್ಮ ಕೇರಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.”

ಶಾಲೆಯ ನೆಲ ಒರೆಸಿ ಕಲಿತ ಅಕ್ಷರ ನನ್ನನ್ನು ಅಲ್ಲಿ ನಿಲ್ಲಿಸಿ ನಗೆಪಾಟಲು ಮಾಡಿತ್ತು. ಅತ್ತಿಗೆಯ ಸೆರಗು ಎಳೆದೆ. ಅವಳು ಅಲುಗಲಿಲ್ಲ.

“ಸ್ವಲ್ಪ ದಿನದ ಮಟ್ಟಿಗೆ ಅಂತಲಾ ಸಾರ್ ಅರ್ಥ?” ಅಂದಳು.

“ಹೌದು.”

“ಒಳ್ಳೇದಾಯ್ತು, ಇವತ್ತು ಗೊತ್ತಾಯ್ತು. ಇರಲಿ. ತಾತ್ಕಾಲಿಕದವರಿಗೆ ಕೊಡಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?”

ಗುಮಾಸ್ತನ ನಗು ನಿಂತಿತು. “ಹಾಗೇನಿಲ್ಲ.”

“ಹಾಗಿದ್ರೆ ಒಂದು ಅರ್ಜಿ ಕೊಡಿ.”

ಕೊಟ್ಟ. ಕಾಗದವನ್ನು ಕಿಟಕಿಯ ಕಟ್ಟೆಯ ಮೇಲೆ ತಳ್ಳಿದ. ಕೈಗೆ ಕೊಡಲಿಲ್ಲ.

ನಾಲ್ಕು ಪುಟದ ಅರ್ಜಿ. ಏನೇನು ಬಡಿಸುತ್ತೀರಿ? ನೀರು ಎಲ್ಲಿಂದ? ಕೈ ತೊಳೆಯಲು ಏನು ವ್ಯವಸ್ಥೆ? ಪಾತ್ರೆ ತೊಳೆಯಲು ಎಷ್ಟು ತೊಟ್ಟಿ? ಆಹಾರದ ಬಿಸಿ ಎಷ್ಟು ಹೊತ್ತು ಉಳಿಯುತ್ತದೆ? ವೈದ್ಯರ ಪ್ರಮಾಣಪತ್ರ. ವೈದ್ಯರು ಅತ್ತಿಗೆಯ ಉಗುರು ನೋಡಿದರು, ನಾಲಿಗೆ ನೋಡಿದರು, ಅವಳು ಎದ್ದ ಮೇಲೆ ಕುರ್ಚಿ ಒರೆಸಿದರು. ಆದರೂ ಪ್ರಮಾಣಪತ್ರದಲ್ಲಿ ‘ಆರೋಗ್ಯವಂತೆ’ ಎಂದೇ ಬರೆದರು. ಬೇರೆ ಬರೆಯಲು ಅವಳ ಮೈಯಲ್ಲಿ ಏನೂ ಸಿಗಲಿಲ್ಲ.

ಕೊನೆಗೆ ಒಂದು ಅಂಕಣ: ‘ಆಹಾರ ತಯಾರಿಸುವ ಸ್ಥಳ.’

“ಪೇಟೆ ಬೀದಿ ಅಂತ ಬರೆದುಬಿಡು,” ಅಂದಳು ಒಂದನೇ ಸಾಲಿನ ಅಜ್ಜಿ. ಬೋರ್ಡು ನೆಟ್ಟದ್ದನ್ನು ಕಣ್ಣಾರೆ ಕಂಡ ಹಿರಿಯರಲ್ಲಿ ಅವಳೊಬ್ಬಳೇ ಉಳಿದಿದ್ದಾಳೆ. “ಅವನು ಬರೀತಾನೆ, ನೀನೂ ಬರಿ.”

“ಸುಳ್ಳು ಬರೆದು ಅನ್ನ ಬಡಿಸಲ್ಲ ಅಜ್ಜಿ,” ಅಂದಳು ಅತ್ತಿಗೆ. ನನ್ನ ಕಡೆ ತಿರುಗಿದಳು. “ಬರಿ. ತಾತ್ಕಾಲಿಕ ವಸತಿ, ನಾಲ್ಕನೇ ಸಾಲು, ಕೊನೆಯ ಶೆಡ್ಡು.”

ಬರೆದೆ. ಆ ವಿಳಾಸವನ್ನು ನಾನು ಅದಕ್ಕೆ ಮೊದಲು ಬರೆದದ್ದು ಅಮ್ಮನ ಸಾವಿನ ಕಾಗದದಲ್ಲಿ ಮಾತ್ರ.

ಮೂರನೇ ದಿನ ಟೋಪಿ ಯಜಮಾನ ಶೆಡ್ಡಿಗೆ ಬಂದ. ಯಾರೂ ಅವನಿಗೆ ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಹಲ್ಲು ಬಿಟ್ಟ.

“ಏನಕ್ಕಾ, ಪರವಾನಗಿಗೆ ಹಾಕಿದ್ದೀಯಂತೆ? ಹಾಕು, ಹಾಕು. ನಮ್ಮವರು ಮುಂದೆ ಬರಬೇಕು.”

ಅವನು ಹೋದ ಮೇಲೆ ಅಣ್ಣ ಒಳಗಿನಿಂದ ಬಂದ.

“ಅಕ್ಕಾ ಅಂದ್ನಾ?”

“ಹೂಂ.”

“ನಮ್ಮವರು ಅಂತಲೂ ಅಂದ್ನಾ?”

“ಅಂದ.”

“ಬಾಗಿಲು ಹಾಕ್ಕೊಳ್ಳಿ,” ಅಂದ ಅಣ್ಣ. “ಹನ್ನೊಂದು ವರ್ಷ ‘ಏಯ್’ ಅಂತಿದ್ದವನು. ಬೈದಿದ್ರೆ ಭಯ ಇರಲಿಲ್ಲ.”

ಆ ದಿನದಿಂದ ನಮಗೆ ಎಲ್ಲರ ಮೇಲೂ ಕಣ್ಣು. ನೀರು ತರಲು ಹೋದರೆ ಯಾರು ತಿರುಗಿ ನೋಡಿದರು, ವ್ಯಾನಿನವನು ಯಾಕೆ ಮಾತಾಡಲಿಲ್ಲ, ನಮ್ಮ ಹನ್ನೊಂದು ಜನರಲ್ಲೇ ಯಾರು ಹೋಗಿ ಹೇಳಿದರು. ಒಂದೇ ತೊಟ್ಟಿಯಲ್ಲಿ ಕೈ ಅದ್ದಿ ಬೇಳೆ ತೊಳೆಯುವವರು ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡಿಕೊಂಡೆವು. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು. ಬಡವರಿಗೆ ಆಸೆ ಹುಟ್ಟಿದರೆ ಸಾಕು, ಅದರ ಬಾಲ ಹಿಡಿದು ಸಂಶಯವೂ ಬರುತ್ತದೆ. ಮೂರನೇ ಸಾಲಿನವಳೊಬ್ಬಳು ಅಳುತ್ತ ಹೇಳಿದಳು, “ನನ್ನ ಮಕ್ಕಳಾಣೆ, ನಾನು ಹೇಳಿಲ್ಲ.” ಅವಳನ್ನು ಯಾರೂ ಕೇಳಿರಲೂ ಇಲ್ಲ.

ಹೇಳಿದವರು ಯಾರೆಂದು ಇನ್ಸ್‌ಪೆಕ್ಟರ್ ಬಂದ ದಿನ ತಿಳಿಯಿತು.

ಆಹಾರದ ಇನ್ಸ್‌ಪೆಕ್ಟರ್ ಸ್ಥಳ ಪರಿಶೀಲನೆಗೆ ಜೀಪಿನಲ್ಲಿ ಬಂದರು. ಮೂಗಿಗೆ ಕರವಸ್ತ್ರ. ಅಣ್ಣ ಕುರ್ಚಿ ಒರೆಸಿ ಇಟ್ಟ. ಕೂರಲಿಲ್ಲ. ನಾನು ನೀರು ಕೊಟ್ಟೆ. ‘ಈಗ ತಾನೇ ಕುಡಿದೆ’ ಅಂದರು.

ಅತ್ತಿಗೆ ಅರ್ಜಿಯಲ್ಲಿ ಕೇಳಿದ್ದನ್ನೆಲ್ಲ ಜೋಡಿಸಿದ್ದಳು. ನಲ್ಲಿ ಕೂರಿಸಿದ ಡ್ರಮ್ಮು. ಬಲೆಯ ಚೀಲದಲ್ಲಿ ತೂಗುಹಾಕಿದ ಸೋಪು. ತೊಳೆಯಲು ಒಂದು, ಜಾಲಿಸಲು ಒಂದು, ಕುದಿನೀರಿಗೆ ಒಂದು, ಮೂರು ತೊಟ್ಟಿ. ನೆಲ ಎಷ್ಟು ಉಜ್ಜಿದ್ದೆವೆಂದರೆ ಸಿಮೆಂಟಿನ ಒಳಗಿನ ಜಲ್ಲಿ ಕಾಣುತ್ತಿತ್ತು.

“ಕೈ ತೊಳೆದು ತೋರಿಸಿ,” ಅಂದರು.

ಅತ್ತಿಗೆ ಮೊಣಕೈವರೆಗೆ ತೊಳೆದಳು. ಬೆರಳ ಸಂದು, ಉಗುರ ಸಂದು, ಮಣಿಕಟ್ಟು. ತೊಳೆದ ಕೈಯಿಂದ ನಲ್ಲಿ ಮುಟ್ಟದೆ ಮೊಣಕೈಯಿಂದ ಮುಚ್ಚಿದಳು. ಗುಂಡಿಗೆ ಇಳಿಯುವವರ ಮನೆಯಲ್ಲಿ ಕೈ ತೊಳೆಯುವುದನ್ನು ನಡೆಯುವುದಕ್ಕಿಂತ ಮೊದಲು ಕಲಿಸುತ್ತೇವೆ. ಸಾಹೇಬರು ಬರೆದುಕೊಳ್ಳುತ್ತಿದ್ದ ಪೆನ್ನು ನಿಲ್ಲಿಸಿ ನೋಡಿದರು.

ಒಲೆಯ ಮೇಲೆ ಬೇಳೆ ಇತ್ತು. ಬಿಸಿ ಅಳೆಯುವ ಕಡ್ಡಿ ಅದ್ದಲು ಬಗ್ಗಿದರು. ಕರವಸ್ತ್ರ ಸರಿಯಿತು. ಆವಿ ಮೂಗಿಗೆ ಹೋಯಿತು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಅವರು ಉಗುಳು ನುಂಗಿದರು.

ಆ ವಾಸನೆ ಅವರಿಗೆ ಗೊತ್ತಿತ್ತು. ಪ್ರತಿ ಕಾರ್ಯಕ್ರಮದಲ್ಲೂ ಟೋಪಿ ಯಜಮಾನನ ಮಳಿಗೆಯಿಂದ ಮೊದಲ ತಟ್ಟೆ ಅವರಿಗೇ ಹೋಗುತ್ತದೆ. ಅವರ ತಟ್ಟೆ ನಾನು ಎಷ್ಟು ಸಲ ತೊಳೆದಿಲ್ಲ! ಅದರಲ್ಲಿ ಏನೂ ಉಳಿದಿರುವುದಿಲ್ಲ. ಬೆರಳ ಗೆರೆ ಮಾತ್ರ.

ಆಮೇಲೆ ಅವರ ಕಣ್ಣು ಕೊಪ್ಪರಿಗೆಯ ಮೈಮೇಲಿನ ಗುರುತಿನ ಮೇಲೆ ಬಿತ್ತು. ಒತ್ತಿದ ಸೌಟಿನ ಗುರುತು. ಒಂದರ ಮೇಲೆ, ಎರಡರ ಮೇಲೆ, ಗೋಡೆಗೆ ಒರಗಿಸಿದ್ದ ಎಲ್ಲದರ ಮೇಲೆ. ಅವರಿಗೆ ಆಶ್ಚರ್ಯವಾಗಬೇಕಿತ್ತು. ಆಗಲಿಲ್ಲ. ಬಾಗಿಲ ಕಡೆ ನೋಡಿದರು, ಅಷ್ಟೇ.

“ಇವು ಯಾರ ಪಾತ್ರೆ?” ಎಂದು ಕೇಳಿದರು.

“ನಿಮಗೆ ಗೊತ್ತಿಲ್ವಾ ಸಾರ್?” ಅಂದಳು ಅತ್ತಿಗೆ.

ಅವರು ಪುಸ್ತಕ ಮುಚ್ಚಿದರು. ಜೀಪು ಹತ್ತುವಾಗ ಡ್ರೈವರನಿಗೆ “ಪೇಟೆ ಬೀದಿಗೆ” ಅಂದದ್ದು ನಮ್ಮೆಲ್ಲರಿಗೂ ಕೇಳಿಸಿತು. ಮೂರನೇ ಸಾಲಿನವಳ ಕೈಯನ್ನು ಅತ್ತಿಗೆ ಹಿಡಿದುಕೊಂಡಳು. “ತಪ್ಪಾಯ್ತು ಕಣೇ,” ಅಂದಳು. ಅವಳು ಮತ್ತೆ ಅತ್ತಳು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಕಚೇರಿಯ ಜವಾನ ಕಾಗದ ತಂದ. ನಾನು ಓದಿದೆ.

‘ಪರಿಶೀಲಿಸಲಾಗಿ, ಸದರಿ ಸ್ಥಳವು ತಾತ್ಕಾಲಿಕ ಸ್ವರೂಪದ್ದಾಗಿದ್ದು, ಸಾರ್ವಜನಿಕರಿಗೆ ಆಹಾರ ತಯಾರಿಸಲು ಯೋಗ್ಯವಲ್ಲವೆಂದು ಕಂಡುಬಂದಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಈ ಸ್ಥಳದಲ್ಲಿ ಸಾರ್ವಜನಿಕರಿಗಾಗಿ ಆಹಾರ ತಯಾರಿಸತಕ್ಕದ್ದಲ್ಲ. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.’ ಕೆಳಗೆ ಮೊಹರು. ಇನ್ಸ್‌ಪೆಕ್ಟರರ ರುಜು.

“ಇನ್ನೊಂದ್ಸಲ ಓದು,” ಅಂದಳು ಅತ್ತಿಗೆ.

ಓದಿದೆ.

“ಸಾರ್ವಜನಿಕರು ಅಂದ್ರೆ ಯಾರು?”

“ಜನ, ಅತ್ತಿಗೆ. ಊರಿನ ಜನ.”

“ಅದರಲ್ಲಿ ನಾವಿಲ್ವಾ?”

ನಾನು ಕಾಗದ ಮಡಿಸಲು ಹೋದೆ, ಅವಳು ನನ್ನ ಕೈ ತಡೆದಳು.

“ತಕ್ಕದ್ದಲ್ಲ ಅಂದ್ರೆ ಮಾಡಬಾರದು ಅಂತ ತಾನೇ?”

“ಹೌದು.”

“ನಾನು ಮಾಡಬಾರದು ಅಂತಲೋ, ಯಾರೂ ಮಾಡಬಾರದು ಅಂತಲೋ?”

ಮತ್ತೆ ನೋಡಿದೆ. “ಯಾರು ಅಂತ ಬರೆದಿಲ್ಲ. ಈ ಸ್ಥಳದಲ್ಲಿ ಅಂತ ಇದೆ.”

“ಸರಿ,” ಅಂದಳು. ಅವಳು ಅಳುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಹೋಗಿ ಒಲೆಯ ಬೂದಿ ತೆಗೆದಳು. ಮೂರೂ ಒಲೆಯನ್ನು ಗುಡಿಸಿ, ಮೇಲೆ ನೀರು ಚಿಮುಕಿಸಿದಳು.

ಸಂಜೆ ಹನ್ನೊಂದು ಜನ ಸೇರಿದೆವು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅತ್ತಿಗೆ ತನ್ನ ಮನಸ್ಸಿನಲ್ಲಿದ್ದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ನಾಡಿದ್ದು ಒಲೆ ಹಚ್ಚುವುದಿಲ್ಲ. ಜಗಳ ಇಲ್ಲ, ಕೂಗು ಇಲ್ಲ. ಸರ್ಕಾರ ಬೇಡ ಅಂದಿದೆ, ನಾವು ಸರ್ಕಾರದ ಮಾತು ಕೇಳುತ್ತೇವೆ.

“ಅವನು ನಮ್ಮನ್ನ ಬಿಡಿಸ್ತಾನೆ,” ಅಂದಳು ಒಬ್ಬಳು.

“ಬಿಡಿಸ್ತಾನೆ.”

“ಆಮೇಲೆ?”

“ಆಮೇಲಿಂದು ನನಗೂ ಗೊತ್ತಿಲ್ಲ. ಬರೋಕಾಗದವರು ಬರಬೇಡಿ. ನನಗೆ ಬೇಜಾರಿಲ್ಲ.”

ನಾನು ಕಣ್ಣು ಮುಚ್ಚಿ ದೇವರನ್ನು ಕೇಳಿದೆ. ದೇವರು ಎಂದಿನಂತೆ ಮಾತಾಡಲಿಲ್ಲ. ಆದರೆ ಅವನ ಮೌನವನ್ನು ಇಷ್ಟು ವರ್ಷ ಕೇಳಿ ಕೇಳಿ ನನಗೆ ಅದರ ಬಗೆಗಳು ತಿಳಿದಿವೆ. ಅಂದಿನದು ‘ಬೇಡ’ ಅನ್ನುವ ಮೌನವಾಗಿರಲಿಲ್ಲ.

ಅಣ್ಣ ಕಾಗದವನ್ನು ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದು ನೋಡಿದ, ಮೂಸಿಯೂ ನೋಡಿದ.

“ಇದೊಂದ್ರಲ್ಲಿ ಅನುಮಾನ ಇಲ್ಲ,” ಅಂದ. “ಕೊಡ್ತೀವಿ ಅಂದಿದ್ರೆ ನಂಬ್ತಿರಲಿಲ್ಲ. ಕೊಡಲ್ಲ ಅಂದಿದ್ದಾರೆ. ಅಪ್ಪಟ ಸರ್ಕಾರದ್ದೇ.”

ಒಂದನೇ ಸಾಲಿನ ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಒಬ್ಬಳು ನಕ್ಕ ಮೇಲೆ ಉಳಿದವರಿಗೂ ಉಸಿರು ಬಂತು.

ಪ್ರದರ್ಶನದ ಮೊದಲ ದಿನ ಬೆಳಿಗ್ಗೆ ನಾನು ಶೆಡ್ಡಿನ ಹೊರಗೆ ಮೂರು ಕಲ್ಲಿಟ್ಟು, ಒಂದು ಡಬ್ಬಿಯಲ್ಲಿ ಹಿಟ್ಟು ಕಲಸಿ ಅಂಟು ಕಾಯಿಸಿದೆ. ಗಂಟಾಗದ ಹಾಗೆ ತಿರುವಿದೆ. ಅತ್ತಿಗೆ ಪಕ್ಕದಲ್ಲಿ ನಿಂತು “ಇನ್ನೂ ಒಂದು ಕುದಿ ಬರಲಿ” ಅಂದಳು. ಅಂಟಿನಲ್ಲೂ ಅವಳಿಗೆ ಹದ ಬೇಕು. ಕಾಗದವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದೆವು. ಹನ್ನೊಂದು ಜನವೂ ಬಂದು ಗೋಡೆಯ ನೆರಳಲ್ಲಿ ಕೂತೆವು. ಕೆಲಸದ ದಿನ ನಾವು ಕೂತದ್ದು ಅದೇ ಮೊದಲು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ವ್ಯಾನು ಬಂತು. ಡ್ರೈವರ್ ನೋಡಿದ, ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಟೋಪಿ ಯಜಮಾನ ಬಂದ. ಅಂದು ಅವನ ತಲೆಯ ಮೇಲೆ ಟೋಪಿ ಇರಲಿಲ್ಲ. ಬೆವರಿತ್ತು.

“ಏಯ್, ಒಲೆ ಯಾಕೆ ಹಚ್ಚಿಲ್ಲ? ಮಧ್ಯಾಹ್ನಕ್ಕೆ ದೊಡ್ಡೋರೆಲ್ಲ ಬರ್ತಾರೆ!”

“ಓದಿ ಯಜಮಾನ್ರೇ,” ಅಂದಳು ಅತ್ತಿಗೆ ಬಾಗಿಲು ತೋರಿಸಿ. “ನನಗೆ ಓದು ಬರಲ್ಲ, ನಿಮಗೆ ಬರುತ್ತಲ್ಲ.”

ಓದಿದ. “ಇದು ನಿನ್ನ ಅರ್ಜಿಗೆ ಬಂದಿರೋದು. ನನಗಲ್ಲ.”

“ಕಾಗದ ನನಗೇ ಬಂದಿದ್ದು. ಆದ್ರೆ ಅದು ಮಾತಾಡ್ತಿರೋದು ಒಲೆ ವಿಷಯ. ನಿಮ್ಮ ಒಲೆ ಬೇರೆ, ನನ್ನ ಒಲೆ ಬೇರೆನಾ? ಇರೋದು ಇದೇ ಮೂರು.”

“ತಮಾಷೆ ಮಾಡ್ತೀಯಾ? ಬೇರೆಯವರನ್ನ ಕರೆಸ್ತೀನಿ.”

“ಕರೆಸಿ. ಕೊಪ್ಪರಿಗೆ ತಗೊಂಡ್ಹೋಗಿ. ಪೇಟೆ ಬೀದಿಯಲ್ಲಿ ಅಡುಗೆಮನೆ ಇದೆಯಲ್ಲ, ಅಲ್ಲಿ ಬೇಯಿಸಿ.”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಯಜಮಾನ ನಾಲ್ಕು ಹೆಜ್ಜೆ ಆಚೆ ಹೋಗಿ ಫೋನಿನಲ್ಲಿ ಕೂಗಾಡಿದ. ಹೊತ್ತು ಏರಿತು. ಜೀಪು ಬಂತು. ಇನ್ಸ್‌ಪೆಕ್ಟರ್ ಇಳಿದರು. ಅಂದು ಮೂಗಿಗೆ ಕರವಸ್ತ್ರವಿರಲಿಲ್ಲ. ನೇರ ಅತ್ತಿಗೆಯ ಮುಂದೆ ಬಂದು ಒಂದು ಕಾಗದ ಚಾಚಿದರು. ಕೈಗೆ ಕೊಟ್ಟರು.

“ತಗೊಳ್ಳಿ ಅಮ್ಮ. ನಿಮ್ಮ ಪರವಾನಗಿ. ಮೂರು ದಿನಕ್ಕೆ. ನಿಮ್ಮ ಹೆಸರೇ ಇದೆ. ಯಜಮಾನರ ಮಳಿಗೆ ಪಕ್ಕದಲ್ಲೇ ನಿಮಗೊಂದು ಮಳಿಗೆ. ನೀವೇ ಬಡಿಸಿ. ಈಗ ಮೊದಲು ಒಲೆ ಹಚ್ಚಿ.”

ಅತ್ತಿಗೆಯ ಕೈಯಲ್ಲಿ ಪರವಾನಗಿ ಇತ್ತು. ಅವಳು ಅದರ ಮೇಲೆ ತನ್ನ ಸುಟ್ಟ ಬೆರಳನ್ನು ಒಮ್ಮೆ ಎಳೆದಳು. ಅವಳಿಗೆ ಓದಲು ಬರದಿದ್ದರೂ ತನ್ನ ಹೆಸರಿನ ಆಕಾರ ಗೊತ್ತು. ಅದು ಅಲ್ಲಿತ್ತು. ತಗೋ ಅತ್ತಿಗೆ, ತಗೊಂಡುಬಿಡು ಎಂದು ನನ್ನ ಮನಸ್ಸು ಕೂಗಿತು.

“ಓದು ಕಣೇ,” ಎಂದು ನನಗೆ ಕೊಟ್ಟಳು. “ಸ್ಥಳ ಅಂತ ಇರುತ್ತಲ್ಲ, ಅಲ್ಲೇನಿದೆ?”

ನೋಡಿದೆ. “ಪೇಟೆ ಬೀದಿ.”

“ಅದೊಂದು ಕಾಗದದ ಮಾತು ಅಮ್ಮ,” ಅಂದರು ಇನ್ಸ್‌ಪೆಕ್ಟರ್. “ಅಡುಗೆ ಎಲ್ಲಾದ್ರೂ ಮಾಡಿ. ಯಾರು ಕೇಳ್ತಾರೆ?”

“ಕಾಗದದ ಮಾತೇ ಸಾರ್. ಹನ್ನೊಂದು ವರ್ಷದಿಂದ ಊರಿನ ಹೊಟ್ಟೆಯಲ್ಲಿ ನಾವಿದ್ದೀವಿ. ಕಾಗದದಲ್ಲಿ ಇಲ್ಲ.” ಅತ್ತಿಗೆಯ ದನಿ ಏರಲಿಲ್ಲ. “ಪೆನ್ನು ಇದೆಯಲ್ಲ ಜೇಬಲ್ಲಿ. ಅದನ್ನ ಹೊಡೆದುಹಾಕಿ, ನಾಲ್ಕನೇ ಸಾಲು, ಕೊನೆಯ ಶೆಡ್ಡು ಅಂತ ಬರೀರಿ. ಬರೆದ ಗಳಿಗೆಗೆ ಒಲೆ ಹಚ್ತೀನಿ.”

ಇನ್ಸ್‌ಪೆಕ್ಟರ್ ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಬಾಗಿಲ ಮೇಲಿನ ತಮ್ಮದೇ ಕಾಗದ ನೋಡಿದರು. ‘ಯೋಗ್ಯವಲ್ಲ’ ಎಂದು ಬರೆದ ಕೈಯೇ ಈಗ ಯೋಗ್ಯ ಎಂದು ಬರೆಯಬೇಕಿತ್ತು. ಬರೆದರೆ ಹನ್ನೊಂದು ವರ್ಷ ಪೇಟೆ ಬೀದಿಯನ್ನು ಪರಿಶೀಲಿಸಿದ್ದೇನೆ ಎಂದು ಹಾಕಿದ ರುಜುಗಳೆಲ್ಲ ಎದ್ದು ನಿಲ್ಲುತ್ತವೆ. ಯಜಮಾನ ಅವರ ಮೊಣಕೈ ಹಿಡಿದ. ಪೆನ್ನಿನ ಮುಚ್ಚಳ ಮತ್ತೆ ಹಾಕಿಕೊಂಡಿತು.

ಅತ್ತಿಗೆ ನನ್ನ ಕೈಯಿಂದ ಪರವಾನಗಿ ತೆಗೆದುಕೊಂಡಳು. ಮಡಿಸಲಿಲ್ಲ, ಹರಿಯಲಿಲ್ಲ. ಅವರ ಕೈಗೇ ಕೊಟ್ಟಳು.

“ವಿಳಾಸ ತಪ್ಪಿದೆ ಸಾರ್. ಇದು ಬೇರೆ ಯಾರದೋ ಇರಬೇಕು.”

“ಹಟ ಮಾಡಬೇಡಿ ಅಮ್ಮ. ಜನ ಹಸಿದು ಕೂತಿದ್ದಾರೆ,” ಎಂದು ಅವರು ಕೈಮುಗಿಯುವ ಹಾಗೆ ಮಾಡಿದರು. “ಆಮೇಲೆ ಕೂತು ಮಾತಾಡೋಣ. ಇವತ್ತೊಂದು ದಿನ, ತಾತ್ಕಾಲಿಕವಾಗಿ ಒಲೆ ಹಚ್ಚಿಬಿಡಿ.”

ಆ ಮಾತು ಅವರ ಬಾಯಿಂದ ಬಿತ್ತು. ಗೋಡೆಯ ನೆರಳಲ್ಲಿದ್ದ ನಾವೆಲ್ಲ ತಲೆಯೆತ್ತಿದೆವು. ನಮ್ಮ ಜೊತೆ ಬಂದು ಕೂತಿದ್ದ ಒಂದನೇ ಸಾಲಿನ ಅಜ್ಜಿಯ ನಗು ನಿಂತಿತು.

“ತಾತ್ಕಾಲಿಕ ಅಂದ್ರೆ ಎಷ್ಟು ವರ್ಷ ಸಾರ್?” ಅಂದಳು ಅತ್ತಿಗೆ.

ಅವರು ಅವಳನ್ನು ನೋಡಲಿಲ್ಲ. ಬಾಗಿಲ ಹತ್ತಿರ ಹೋದರು. ಕಾಗದದ ಒಂದು ಮೂಲೆ ಹಿಡಿದು ಎಳೆದರು. ಮೂಲೆ ಹರಿದು ಬಂತು, ಕಾಗದ ಬರಲಿಲ್ಲ. ಇನ್ನೊಂದು ಮೂಲೆ ಎಳೆದರು. ಅದೂ ಅಷ್ಟೇ. ಮೊಹರು ಬಿಟ್ಟುಕೊಡಲಿಲ್ಲ, ‘ತಕ್ಕದ್ದಲ್ಲ’ ಬಿಟ್ಟುಕೊಡಲಿಲ್ಲ. ಅಂಟು ನಾನೇ ಕಾಯಿಸಿದ್ದು. ಹದ ಅತ್ತಿಗೆಯದು.

ವ್ಯಾನು ಖಾಲಿ ಹೊರಟಿತು. ಜೀಪು ಮಾತ್ರ ಅಲ್ಲೇ ನಿಂತಿತ್ತು. ಬಿಸಿಲಲ್ಲಿ, ನಮ್ಮ ಶೆಡ್ಡಿನ ಬಾಗಿಲ ಮುಂದೆ ಬಗ್ಗಿ, ಸಾಹೇಬರು ತಮ್ಮ ರುಜುವನ್ನು ತಾವೇ ಉಗುರಿನಿಂದ ಕೆರೆಯುತ್ತಿದ್ದರು.